ಕುಲುಕದ ಕಾರು

ಹೀಗೇ ಬನ್ನಿ, ಕೂತ್ಕೊಳ್ಳಿ. ನಗೋರು ಆಮೇಲೆ ನಗಿ, ಈಗಲೇ ನಕ್ರೆ ಚೆನ್ನಾಜಮ್ಮನಿಗೆ ಬೇಜಾರಾಗುತ್ತೆ. ಪಾಪ, ಅವಳಿಗಿದ್ದೋನು ಒಬ್ಬನೇ ಮಗ, ಬೋರಲಿಂಗ. ಆಳು ಎತ್ತರ, ಬುದ್ಧಿ ಗಿಡ್ಡ. ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು, ಅದೇ ಬಂದಿದ್ದ ಕಷ್ಟ. ಲಾರಿ ಡ್ರೈವರ್ ಆಗಿದ್ದ ಅಪ್ಪನಿಂದ ಸ್ಟೀರಿಂಗ್ ಹಿಡಿಯೋದೊಂದು ಬಂದಿತ್ತು, ಮಿಕ್ಕಿದ್ದೇನೂ ಬರಲಿಲ್ಲ. ಊರಿನ ಗ್ಯಾರೇಜಿನೋರೆಲ್ಲ ಅವನನ್ನ ಓಡಿಸಿ ಆಗಿತ್ತು. ಉಳಿದಿದ್ದು ಖಾದರ್ ಸಾಬರ ಗ್ಯಾರೇಜ್ ಒಂದೇ.

"ಇಲ್ಲೂ ಕೆಡಿಸ್ಕೊಂಡ್ರೆ ನಿನಗೆ ಬೇರೆ ಜಾಗ ಇಲ್ಲ ಕಣೋ!" ಅಂದ್ಲು ತಾಯಿ.

"ಆಗಲಮ್ಮ," ಅಂದ ಬೋರಲಿಂಗ.

ಅಲ್ಲಿಗೆ ರೈಸ್‌ಮಿಲ್ ಪಂಚಾಕ್ಷರಯ್ಯನವರ ಹಳೇ ಕಾರು ಬಂದಿತ್ತು. ಅವರ ಮದುವೆ ಕಾಲದ್ದು. ಕೆಳಗೆ ಬಗ್ಗಿ ನೋಡಿದ್ರೆ, ಕುಲುಕಾಟ ತಡೆಯೋ ಕಮಾನುಪಟ್ಟಿಯೆಲ್ಲ ತುಕ್ಕೋ ತುಕ್ಕು. ಸಾಬರು ಸುತ್ತಿಗೆ ಕೊಟ್ರು. "ಬೋಲ್ಟು ಕಚ್ಕೊಂಡಿದೆ. ಬಿಚ್ಕೊಳ್ಳೋವರೆಗೂ ಬಡಿ!"

ಬಡಿದ. ಬೋಲ್ಟು ಬಿಚ್ಕೊಳ್ಳಲಿಲ್ಲ. ಬಡಿದ. ಮಡ್‌ಗಾರ್ಡು ಬಿಚ್ಕೊಳ್ತು. ಬಡಿದ. ಬಂಪರ್ರೂ ಬಿಚ್ಕೊಳ್ತು. ಬೋಲ್ಟು ಮಾತ್ರ ಇದ್ದಲ್ಲೇ ಇತ್ತು.

"ಅಯ್ಯೋ ನನ್ನ ಕರ್ಮವೇ!" ಮನೇಲಿ ವಿಷಯ ಕೇಳಿ ತಾಯಿ ಹಣೆ ಹಣೆ ಚಚ್ಕೊಂಡ್ಲು. "ಕಚ್ಕೊಂಡಿದ್ದನ್ನ ಯಾರಾದ್ರೂ ಬಡೀತಾರೇನೋ? ಎಣ್ಣೆ ಬಿಡಬೇಕು! ಸಂಜೆವರೆಗೂ ಅದರ ಪಾಡಿಗೆ ಬಿಟ್ಟು, ಆಮೇಲೆ ಮೆಲ್ಲಗೆ ಅಲ್ಲಾಡಿಸಬೇಕು!"

"ಆಗಲಮ್ಮ," ಅಂದ ಬೋರಲಿಂಗ.

ಮಾರನೇ ದಿನ ಬೆಳಿಗ್ಗೆ ಸಾಬರು ಕಾರಿನ ಕೆಳಗೆ ಕೈ ಹಾಕಿದ್ರೋ ಇಲ್ಲವೋ, ಏಟು ತಿಂದಿದ್ದ ಕಮಾನುಪಟ್ಟಿ ಜಾರಿ ಅವರ ಪಾದದ ಮೇಲೆ ಕೂತ್ಕೊಳ್ತು.

"ಯಾ ಅಲ್ಲಾ! ಕಾಲು ಕಚ್ಕೊಳ್ತು! ಬಾರೋ ಬೋರಾ!"

ಬೋರಲಿಂಗ ಓಡಿ ಬಂದ. ನೋಡಿದ. ಎಣ್ಣೆ ಡಬ್ಬಿ ತಂದು ಪಾದಕ್ಕೆ ಬಿಟ್ಟ. ಆಮೇಲೆ ಪಕ್ಕದಲ್ಲಿ ಕೂತ.

"ಎತ್ತೋ ಇದನ್ನ!"

"ಸಂಜೆ ಆಗ್ಲಿ ಸಾಬ್ರೆ. ಮೆಲ್ಲಗೆ ಅಲ್ಲಾಡಿಸ್ತೀನಿ."

ಪಕ್ಕದ ಟೀ ಅಂಗಡಿಯೋರು ಬಂದು ಬಿಡಿಸಿದ್ರು. ಸಾಬರ ಪಾದ ಹಲಸಿನಕಾಯಿ ಹಾಗೆ ಊದಿತ್ತು. ಒಳ್ಳೇ ಮನುಷ್ಯ, ಬೈದ್ರೇ ಹೊರತು ಓಡಿಸಲಿಲ್ಲ. ಕಾಲಿಗೆ ಪಟ್ಟು ಹಾಕಿಸ್ಕೊಂಡು, ಸ್ಟೂಲಿನ ಮೇಲೆ ಕೂತೇ ಕಾರಿಗೆ ಹೊಸ ಕಮಾನುಪಟ್ಟಿ ಹಾಕಿಸಿದ್ರು.

"ಎಣ್ಣೆ ಬಿಟ್ಯೇನೋ! ಮನುಷ್ಯರ ಕಾಲಿಗೆ!" ತಾಯಿಗೆ ಅಳುವೇ ಬಂತು. "ಗಾಡಿ ಅಂದಮೇಲೆ ಮೊದಲು ಜಾಕ್ ಏರಿಸಿ ಎತ್ತಬೇಕು! ನಾಲ್ಕೂ ಮೂಲೆಗೆ ಕಲ್ಲು ಕೊಡಬೇಕು! ಮಿಕ್ಕಿದ ಕೆಲಸ ಏನಿದ್ರೂ ಆಮೇಲೆ!"

"ಆಗಲಮ್ಮ," ಅಂದ ಬೋರಲಿಂಗ.

ಕಾರು ತಯಾರಾಯ್ತು. ಸಾಬರು ಕಾಲು ನೋವು ತಡೀಲಾರದೆ ಮನೇಲಿ ಮಲಗಿದ್ರು. ಅಲ್ಲಿಂದಲೇ ಹೇಳಿ ಕಳಿಸಿದ್ರು: "ಯಜಮಾನ್ರನ್ನ ಕೂರಿಸ್ಕೊಂಡು ಪೇಟೆ ಒಂದು ಸುತ್ತು ಹಾಕಿಸು. ಅವರು ಮೆಚ್ಚಿದ್ರೆ ಕೆಲಸ ಖಾಯಂ. ಇಲ್ಲದಿದ್ರೆ ನಾಳೆಯಿಂದ ಬರಬೇಡ."

ಪಂಚಾಕ್ಷರಯ್ಯನವರಿಗೆ ಆಪರೇಷನ್ ಆಗಿ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿತ್ತು. ಆದ್ರೂ ತಡೀಲಾರದೆ ಆಟೋದಲ್ಲಿ ಬಂದಿಳಿದ್ರು. "ಕಣ್ಣು ಕಾಣದಿದ್ರೇನು, ನನ್ನ ಸೊಂಟಕ್ಕೆ ಗೊತ್ತಾಗುತ್ತೆ. ನಡಿಯಪ್ಪ!"

ಚೆನ್ನಾಜಮ್ಮ ದೇವರಿಗೆ ಹರಕೆ ಹೊತ್ತು, ಬುತ್ತಿ ಹಿಡ್ಕೊಂಡು ಗ್ಯಾರೇಜಿಗೆ ಬಂದ್ಲು. ನೋಡ್ತಾಳೆ, ಕಾರು ನಾಲ್ಕು ಕಲ್ಲಿನ ಮೇಲೆ ಕೂತಿದೆ. ಇಂಜಿನ್ ಗುಡುಗುಡು ಅಂತಿದೆ. ಹಿಂದಿನ ಚಕ್ರ ಗಾಳೀಲಿ ಗಿರಗಿರ ತಿರುಗ್ತಿದೆ. ಮಗ ಸ್ಟೀರಿಂಗ್ ತಿರುಗಿಸ್ತಾ, ಪೋಂಪೋಂ ಅಂತ ಹಾರನ್ ಹೊಡೀತಾ ಕೂತಿದಾನೆ. ಅವಳು ಕೂಗಿದ್ಲು.

"ಲೋ ಬೋರಾ!"

"ಯಾರಮ್ಮ, ಇವನ ತಾಯೇನು?" ಒಳಗಿಂದ ಪಂಚಾಕ್ಷರಯ್ಯನವರು ತಲೆದೂಗಿದ್ರು. "ಹೆತ್ರೆ ಇಂಥ ಮಗನ್ನ ಹೆರಬೇಕು! ಪೇಟೆಬೀದಿ ಗುಂಡಿಯೆಲ್ಲ ದಾಟಿಸಿದಾನೆ, ಸೊಂಟಕ್ಕೆ ಒಂದು ಕುಲುಕಾಟ ಇಲ್ಲ! ಸಾಬರಿಗೆ ಹೇಳ್ತೀನಿ, ಇವನನ್ನ ಬಿಡಲೇಬಾರದು. ಸಾಕಪ್ಪ ಸುತ್ತಿದ್ದು, ಮನೆಗೆ ನಡಿ. ಇಲ್ಲಿಂದ ಎಷ್ಟು ದೂರ?"

ಚೆನ್ನಾಜಮ್ಮ ಮಗನಿಗೆ ಬಾಯಿ ಮುಚ್ಕೋ ಅಂತ ಸನ್ನೆ ಮಾಡಿದ್ಲು. ಬೋರಲಿಂಗ ಅಮ್ಮನ ಕಡೆ ನೋಡಿ ನಕ್ಕ.

"ಹೊರಟಾಗ ಎಷ್ಟಿತ್ತೋ ಅಷ್ಟೇ ಯಜಮಾನ್ರೆ!"