ಮರಿಯ ಮುಳ್ಳು

ಎಕಿಡ್ನಾ ಆಸ್ಟ್ರೇಲಿಯಾದ ಕುರುಚಲು ಕಾಡಿನ ಪ್ರಾಣಿ. ಬೆನ್ನಿನ ತುಂಬ ಮುಳ್ಳು. ಮೊಟ್ಟೆಯನ್ನೂ ಇಡುತ್ತದೆ, ಮೊಟ್ಟೆಯೊಡೆದು ಬಂದ ಮರಿಗೆ ಹಾಲನ್ನೂ ಕೊಡುತ್ತದೆ. ಅಂಥದ್ದೊಂದು ತಾಯಿ ಒಂದು ಬೆಳಿಗ್ಗೆ ಹೊಟ್ಟೆಯ ಚೀಲದಿಂದ ಮರಿಯನ್ನು ಇಳಿಸಿ, ಬಿಲದೊಳಗೆ ತಳ್ಳಿ, ಬಾಗಿಲಿಗೆ ಮಣ್ಣು ಎಳೆಯಿತು. ಒಳಗೆ ಮರಿ ಅಳುತ್ತಿತ್ತು.

ಪಕ್ಕದಲ್ಲಿದ್ದ ಕಾಂಗರೂ ಮೇಯುವುದನ್ನು ನಿಲ್ಲಿಸಿತು. ಅದರ ಚೀಲದಿಂದ ಬೆಳೆದ ಮಗನ ಕಾಲುಗಳು ಹೊರಗೆ ನೇತಾಡುತ್ತಿದ್ದವು.

"ಏನಮ್ಮಾ, ಎಳೆ ಕೂಸನ್ನು ಹೊರಗೆ ಹಾಕಿಬಿಟ್ಟೆಯಲ್ಲ?"

"ಹಾಕದೆ ಇನ್ನೇನು ಮಾಡಲಿ ಅಕ್ಕಾ? ಮೈಮೇಲೆ ಮುಳ್ಳು ಮೂಡಿಬಿಟ್ಟಿವೆ. ಮಗ್ಗುಲು ಬದಲಿಸಿದರೆ ಚುಚ್ಚುತ್ತಾನೆ. ಇಂಥವನನ್ನು ಯಾರು ಸಹಿಸುತ್ತಾರೆ ಹೇಳಿ?"

"ಅವನಿಗೆ ಮುಳ್ಳು ಎಲ್ಲಿಂದ ಬಂತೋ!"

"ಅವರಪ್ಪನ ಕಡೆಯಿಂದ. ನಮ್ಮ ತವರಿನವರೆಲ್ಲ ಬೆಣ್ಣೆಯಂಥವರು."

ಅಷ್ಟು ಹೇಳಿ ಎಕಿಡ್ನಾ ಬಿಲದ ಬಾಗಿಲಲ್ಲೇ ಮುದುಡಿ ಕೂತಿತು. ಪಾಪ ಅನಿಸಿ ಕಾಂಗರೂ ಬಾಗಿ ಅದರ ಬೆನ್ನು ಸವರಿತು. ಸವರಿದ ಕೈಯಲ್ಲಿ ರಕ್ತ ಬಂತು.

ಎಕಿಡ್ನಾ ತನ್ನ ಬೆನ್ನಿನತ್ತ ಒಮ್ಮೆ ತಿರುಗಿ ನೋಡಿ ನಿಟ್ಟುಸಿರುಬಿಟ್ಟಿತು.

"ನೋಡಿದಿರಾ ಅಕ್ಕಾ? ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡು ಸಾಕಿದ್ದಕ್ಕೆ ನನಗೂ ಅಂಟಿಸಿ ಹೋಗಿದ್ದಾನೆ!"