ಸೀರೆಯ ಇನ್ನೊಂದು ತುದಿ

"ಬುದ್ಧಿ, ಹೆತ್ತ ತಂದೆಯ ಮೇಲೆ ಕೂಗಾಡಿದವನಿಗೆ ಯಾವ ಪ್ರಾಯಶ್ಚಿತ್ತ?" ಎಂದು ಮಠದ ಶಿಷ್ಯ ಮಡಿವಾಳಯ್ಯ ಗುರುಗಳನ್ನು ಕೇಳಿದ.

ಯಾರ ವಿಷಯ ಎಂಬುದು ಮಠದಲ್ಲಿ ಎಲ್ಲರಿಗೂ ತಿಳಿದಿತ್ತು. ಗುರುಪಾದನೆಂಬ ಇನ್ನೊಬ್ಬ ಶಿಷ್ಯ, ನೆನಪು ಕಳೆದುಕೊಂಡ ತನ್ನ ತಂದೆಯನ್ನು ಐದು ವರ್ಷದಿಂದ ಮಠದಲ್ಲೇ ಇಟ್ಟುಕೊಂಡು ಒಬ್ಬನೇ ನೋಡಿಕೊಳ್ಳುತ್ತಿದ್ದ. ಆ ಬೆಳಿಗ್ಗೆ ಅವನು ತಂದೆಯನ್ನು ಗದರಿದ್ದು ಅಂಗಳದವರೆಗೆ ಕೇಳಿಸಿತ್ತು.

"ಕೂತುಕೋ" ಎಂದು ಗುರುಗಳು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರ ಹೆಂಗಸಿದ್ದಳು. ಅವಳ ತಮ್ಮನಿಗೆ ಪ್ರಾಯದಲ್ಲಿ ಜ್ವರ ಬಂದು ತಿಳಿವಳಿಕೆ ಮಗುವಿನದಾಯಿತು. ಕಾಲು ಮಾತ್ರ ಗಂಡಸಿನದಾಗಿಯೇ ಉಳಿಯಿತು. ಎದ್ದನೆಂದರೆ ಕೆರೆಯ ಕಡೆಗೆ ನಡೆಯುತ್ತಿದ್ದ. ಅದಕ್ಕೆ ಅವಳು ಮಗ್ಗದಲ್ಲಿ ಕೂರುವಾಗ ಹಳೆಯ ಸೀರೆಯ ಒಂದು ತುದಿಯನ್ನು ಅವನ ಸೊಂಟಕ್ಕೆ ಕಟ್ಟಿ, ಇನ್ನೊಂದನ್ನು ತನ್ನ ಸೊಂಟಕ್ಕೆ ಬಿಗಿದುಕೊಳ್ಳುತ್ತಿದ್ದಳು. ಅವನು ಎದ್ದರೆ ಅವಳೂ ಏಳಬೇಕು. ಹೀಗೆ ಒಂಬತ್ತು ವರ್ಷ ಕಳೆಯಿತು.

ನಡುವೆ ಒಮ್ಮೆ ತಮ್ಮ ಬಿದ್ದು ಕೈ ಮುರಿದುಕೊಂಡ. ವೈದ್ಯ ಅವನನ್ನು ಮುಟ್ಟಲಿಲ್ಲ. "ಇವನ ಪರವಾಗಿ ಒಪ್ಪಿಗೆ ಕೊಡೋಕೆ ನೀನು ಯಾರಮ್ಮ? ಮನೆ ಗಂಡಸರನ್ನ ಕರ್ಕೊಂಡು ಬಾ" ಎಂದ. ಮನೆಯಲ್ಲಿದ್ದ ಒಬ್ಬನೇ ಗಂಡಸು ಅವಳ ಪಕ್ಕದಲ್ಲೇ ನಿಂತು ಅಳುತ್ತಿದ್ದ. ಮೂಳೆ ಸೊಟ್ಟಗೆ ಕೂಡಿಕೊಂಡಿತು.

ಮನುಷ್ಯನನ್ನು ದನದ ಹಾಗೆ ಕಟ್ಟಿಹಾಕಿದ್ದಾಳೆ ಎಂದು ಊರಿನ ಹನ್ನೊಂದು ಜನ ನ್ಯಾಯಾಧಿಕಾರಿಗೆ ದೂರು ಕೊಟ್ಟರು. ಆ ಕುಟುಂಬದ ಸಲುವಾಗಿ ಅಷ್ಟು ಜನ ಒಟ್ಟಿಗೆ ಹೊರಟದ್ದು ಅದೇ ಮೊದಲು. ಕಟ್ಟಿದ್ದು ನಿಜವೆಂದಾದರೆ ತಮ್ಮನನ್ನು ಅವಳಿಂದ ಬಿಡಿಸಿ ದೂರದ ಛತ್ರಕ್ಕೆ ಕಳಿಸಬೇಕೆಂದು ಕೇಳಿದರು.

ಅವಳು ತಮ್ಮನನ್ನು ಕಟ್ಟಿಕೊಂಡೇ ನ್ಯಾಯಸ್ಥಾನಕ್ಕೆ ಬಂದಳು.

"ಕಟ್ಟಿರೋದು ನಿಜ ಸ್ವಾಮಿ. ಇನ್ನೊಂದು ಇವರಿಗೆ ಗೊತ್ತಿಲ್ಲ, ಅದನ್ನೂ ಹೇಳ್ತೀನಿ. ಹೋದ ತಿಂಗಳು ಇವನು ಗಂಟು ಬಿಚ್ಚಿಕೊಂಡು ಕೆರೆ ಕಡೆ ಹೊರಟ. ನಾನು ನೋಡ್ತಾ ನಿಂತೆ. ಮಗ್ಗದ ಲಾಳಿ ಈ ಕಡೆಯಿಂದ ಆ ಕಡೆಗೆ ಹೋಗೋ ಅಷ್ಟು ಹೊತ್ತು. ಹೋದರೆ ಹೋಗಲಿ ಅನ್ನಿಸ್ತು. ಆಮೇಲೆ ಓಡಿದೆ. ಅವತ್ತಿಂದ ನನಗೆ ಅನ್ನ ಸೇರ್ತಿಲ್ಲ. ಶಿಕ್ಷೆ ಕೊಡೋದಾದರೆ ಅದಕ್ಕೆ ಕೊಡಿ."

ಹನ್ನೊಂದು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಲಸ ಇಷ್ಟು ಸುಲಭವಾದೀತೆಂದು ಅವರು ಎಣಿಸಿರಲಿಲ್ಲ.

"ಮೊದಲು ಕಟ್ಟು ಬಿಚ್ಚು" ಎಂದ ನ್ಯಾಯಾಧಿಕಾರಿ.

ಅವಳು ತನ್ನ ಸೊಂಟದ ಗಂಟು ಬಿಚ್ಚಿದಳು. ಆ ತುದಿಯನ್ನು ನ್ಯಾಯಾಧಿಕಾರಿಯ ಕೈಗೆ ಕೊಟ್ಟು, "ಹಿಡ್ಕೊಳ್ಳಿ, ಬಿಡಬೇಡಿ" ಎಂದಳು.

ತಮ್ಮ ಎದ್ದು ನಡೆದ. ಎದುರಿಗಿರುವವನು ನ್ಯಾಯಾಧಿಕಾರಿ ಎಂಬುದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ನಿಲ್ಲುತ್ತಿರಲಿಲ್ಲ. ನ್ಯಾಯಾಧಿಕಾರಿ ಬಿಸಿಲಿನಲ್ಲಿ ಕೆರೆಯವರೆಗೂ ಅವನ ಹಿಂದೆ ಹೋದ. ಅವನು ನೀರಿಗಿಳಿದಾಗ ಎಳೆದುಕೊಂಡ. ಏರಿಯ ಮೇಲೆ ಇಬ್ಬರೂ ಕೂತರು. ನ್ಯಾಯಾಧಿಕಾರಿಗೆ ಉಸಿರು ಸರಿಯಾಗುವ ಮೊದಲೇ ಅವನು ಮತ್ತೆ ಎದ್ದ. ತಿರುಗಿ ಬರುವ ವೇಳೆಗೆ ಬಿಸಿಲು ಇಳಿದಿತ್ತು. ನ್ಯಾಯಾಧಿಕಾರಿಯ ಒಂದು ಕಾಲಿನ ಚಪ್ಪಲಿ ಇರಲಿಲ್ಲ.

ಹೆಂಗಸು ಕಂಬಕ್ಕೆ ಒರಗಿ, ಬಾಯಿ ತೆರೆದುಕೊಂಡು ನಿದ್ದೆ ಹೋಗಿದ್ದಳು. ಯಾರೋ ಎಬ್ಬಿಸಲು ಹೋದರು. ನ್ಯಾಯಾಧಿಕಾರಿ ಬೇಡವೆಂದು ಕೈ ಆಡಿಸಿದ. ಸೀರೆಯ ತುದಿ ಬಿಡದೆ, ಮೆಲುದನಿಯಲ್ಲಿ ಆಜ್ಞೆ ಬರೆಸಿದ.

"ಇವನು ಇವಳ ಬಳಿಯೇ ಇರತಕ್ಕದ್ದು. ಇವನ ಪರವಾಗಿ ಇವಳು ಆಡಿದ ಮಾತು ಇವನೇ ಆಡಿದಂತೆ; ವೈದ್ಯನಾಗಲಿ ಬೇರೆ ಯಾರಾಗಲಿ ನೀನು ಯಾರು ಎಂದು ಇವಳನ್ನು ಕೇಳಕೂಡದು. ದೂರು ಕೊಟ್ಟ ಹನ್ನೊಂದು ಮನೆಯವರು ಸರದಿಯ ಮೇಲೆ ದಿನಕ್ಕೊಬ್ಬರಂತೆ ಬಂದು ಈ ತುದಿ ಹಿಡಿಯತಕ್ಕದ್ದು. ಬಾರದವರು ನನ್ನೆದುರು ನಿಂತು ಕಾರಣ ಹೇಳತಕ್ಕದ್ದು."

"ಅವಳು ನೋಡುತ್ತಾ ನಿಂತದ್ದಕ್ಕೆ ಶಿಕ್ಷೆ?" ಎಂದು ಒಬ್ಬ ಕೇಳಿದ.

"ಅದಕ್ಕೆ ಶಿಕ್ಷೆಯಿಲ್ಲ. ಎದ್ದ ಮೇಲೆ ಅವಳಿಗೆ ಹೇಳಿ, ಇವತ್ತೊಂದೇ ದಿನದಲ್ಲಿ ನಾನೂ ಎರಡು ಸಲ ಹಾಗೆಯೇ ನಿಂತೆ."

ಗುರುಗಳು ಕತೆ ಮುಗಿಸಿ ಕಣ್ಣು ಒರೆಸಿಕೊಂಡರು. ಅವರಿಗೂ ದಣಿವಾಗಿತ್ತು.

ಮಡಿವಾಳಯ್ಯ ಬಿಡಲಿಲ್ಲ. "ಹಾಗಾದರೆ ಬುದ್ಧಿ, ಗುರುಪಾದನಿಗೆ ಪ್ರಾಯಶ್ಚಿತ್ತವೇ ಬೇಡವೇ?"

"ಐದು ವರ್ಷದಿಂದ ಅವರ ಪಕ್ಕದ ಕೋಣೆಯಲ್ಲಿದ್ದೀಯಲ್ಲ, ಆ ಮುದುಕರಿಗೆ ಔಷಧಿ ಕುಡಿಸುವ ಹೊತ್ತು ಯಾವುದು, ಹೇಳು" ಎಂದರು ಗುರುಗಳು.