ಕರೆಂಟ್ ಇಲ್ಲದ ನಾಲ್ಕು ದಿನ

ನದಿ ದಂಡೆಯ ಆಶ್ರಮದಲ್ಲಿ ಒಂದು ಹಳೆಯ ಕಂಪ್ಯೂಟರ್ ಇತ್ತು. ಅದನ್ನು ನಡೆಸುತ್ತಿದ್ದದ್ದು ಲಿನಕ್ಸ್ ಎಂಬ ತಂತ್ರಾಂಶ. ಯಾರಪ್ಪನ ಸೊತ್ತೂ ಅಲ್ಲದ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ ವ್ಯವಸ್ಥೆ. ಅದಕ್ಕೇ ಸಂಗಯ್ಯ ಗುರುಗಳಿಗೆ ಅದರ ಮೇಲೆ ಪ್ರೀತಿ.

ಕಣ್ಣು ಕಾಣದ ತಿಪ್ಪಮ್ಮಜ್ಜಿ ದಿನಾ ಬೆಳಿಗ್ಗೆ ಗೋಡೆ ಸವರಿಕೊಂಡು ಬಂದು ಅದರ ಮುಂದೆ ಕೂರುತ್ತಿದ್ದಳು. ಕೀಲಿ ಒತ್ತಿದರೆ ಅದು ವಚನಗಳನ್ನು ಓದಿ ಹೇಳುತ್ತಿತ್ತು. ಇಡೀ ದಿನದಲ್ಲಿ ಯಾರ ಹಂಗೂ ಇಲ್ಲದೆ ಅಜ್ಜಿ ಮಾಡುತ್ತಿದ್ದ ಕೆಲಸ ಅದೊಂದೇ.

ಶಿಷ್ಯ ಪಂಪಣ್ಣ ಅದೇ ಕಂಪ್ಯೂಟರಿನಲ್ಲಿ ಪೈಥಾನ್ ಎಂಬ ಪ್ರೋಗ್ರಾಂ ಭಾಷೆ ಕಲಿಯುತ್ತಿದ್ದ. ಒಂದು ದಿನ ಅದರ ಹೊಸ ಆವೃತ್ತಿಯನ್ನು ಹಾಕಿಕೊಂಡ. ನಾಲ್ಕಕ್ಷರ ಕಲಿತವನಿಗೆ ಹಳೆಯದೆಲ್ಲ ಕಸವಾಗಿ ಕಾಣುವುದು ಲೋಕರೂಢಿ.

“ಗುರುಗಳೇ, ಹಳೇ ಪೈಥಾನ್ ಸುಮ್ನ ಬಿದ್ದೈತ್ರಿ. ತೆಗೆದುಬಿಡ್ಲೇನ್ರಿ?”

“ಅದನ್ನ ತಂದು ಹಾಕಿದವ ನೀನೇನು?”

“ಇಲ್ರಿ. ಲಿನಕ್ಸ್ ಜೊತಿಗೇ ಬಂದಿದ್ದು.”

“ಹಂಗಾರ ನನ್ನ ಯಾಕ ಕೇಳ್ತಿ? ಲಿನಕ್ಸನ್ನೇ ಕೇಳು.”

ಪಂಪಣ್ಣ ನಕ್ಕು, ತೆಗೆ ಎಂದು ಆಜ್ಞೆ ಬರೆದ. ಜೊತೆಗೆ ಏನೇನು ಹೋಗುತ್ತದೆ ಎಂದು ಲಿನಕ್ಸ್ ಉದ್ದದ ಪಟ್ಟಿ ಕೊಟ್ಟು, ಹೌದೋ ಅಲ್ಲವೋ ಎಂದು ಕೇಳಿತು. ಅವನು ಪಟ್ಟಿ ಓದಲಿಲ್ಲ. ಹೌದು ಎಂದ.

ಪರದೆ ಕಪ್ಪಾಯಿತು. ಓದಿ ಹೇಳುವ ಧ್ವನಿ ಹಳೆಯ ಪೈಥಾನನ್ನೇ ನಂಬಿಕೊಂಡಿತ್ತು. ಅದೂ ಹೋಗಿತ್ತು.

ಅಷ್ಟರಲ್ಲಿ ಅಜ್ಜಿ ಬಂದಳು.

“ಕರೆಂಟ್ ಹೋಗೈತಿ ಅಜ್ಜಿ,” ಎಂದುಬಿಟ್ಟ ಪಂಪಣ್ಣ.

ಅಜ್ಜಿ ಅರೆಗಳಿಗೆ ನಿಂತಳು. “ಹೌದೇನಪ್ಪ,” ಎಂದು ಗೋಡೆ ಸವರಿಕೊಂಡು ಹೊರಟಳು.

ಒಂದು ಸುಳ್ಳು ಮುಚ್ಚಲು ನೂರು ಸುಳ್ಳು ಬೇಕಂತೆ. ಪಂಪಣ್ಣನಿಗೆ ಒಂದೇ ಸಾಕಾಯಿತು. ಮರುದಿನವೂ ಅದನ್ನೇ ಹೇಳಿದ.

ಅವತ್ತು ಗುರುಗಳ ಬಳಿ ಹೋದರೆ ಅವರು ಬೆವರುತ್ತ ಬೀಸಣಿಗೆ ಬೀಸಿಕೊಳ್ಳುತ್ತಿದ್ದರು.

“ಫ್ಯಾನ್ ಹಾಕ್ಲೇನ್ರಿ?”

“ಕರೆಂಟ್ ಇಲ್ಲಂತಲ್ಲಪ್ಪ.”

ಪಂಪಣ್ಣ ನಾಚಿಕೆಯಿಂದ ಹಿಡಿಯಷ್ಟಾದ. ಹೇಳಿಬಿಡಬೇಕೆಂದು ನಿಂತ. ಹೇಳದೆಯೇ ಹೊರಗೆ ಬಂದ.

ಮೂರನೆಯ ದಿನ ಅಜ್ಜಿ ಬರುವ ಹೊತ್ತಿಗೆ ನದಿಯ ಕಡೆಗೆ ತಪ್ಪಿಸಿಕೊಂಡು ಹೋದ. ಮರಳಿ ಬಂದಾಗ ಆಕೆ ಕಪ್ಪು ಪರದೆಯ ಮುಂದೆ ಒಬ್ಬಳೇ ಕೂತಿದ್ದಳು. ಬೆರಳುಗಳು ಕೀಲಿಗಳ ಮೇಲಿದ್ದವು.

ನಾಲ್ಕನೆಯ ದಿನ ಅಜ್ಜಿ ಕೇಳಿದಳು: “ಇವತ್ತರ ಬಂತೇನಪ್ಪ?”

“ಇಲ್ಲ ಅಜ್ಜಿ, ಇನ್ನೂ...” ಎನ್ನುತ್ತ ಪಂಪಣ್ಣ ಮುಖವೆತ್ತಿದ. ಇಷ್ಟು ದಿನ ತಲೆ ತಗ್ಗಿಸಿಯೇ ಓಡಾಡಿದ್ದ. ಅಜ್ಜಿಯ ಹಣೆಯ ಬಿಳಿಕೂದಲು ಹಾರಾಡುತ್ತಿತ್ತು. ಕಿಟಕಿ ಮುಚ್ಚಿತ್ತು. ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು. ಕೋಣೆಗೆ ಕಾಲಿಟ್ಟೊಡನೆ ಅದನ್ನು ಹಾಕುವುದು ಅವನ ರೂಢಿ. ನಾಲ್ಕು ದಿನವೂ ಹಾಕಿದ್ದ.

ಅವನು ಅಜ್ಜಿಯ ಕಾಲಿಗೆ ಬಿದ್ದ.

“ಕರೆಂಟ್ ಐತಿ ಅಜ್ಜಿ. ಕೆಡಿಸಿದವ ನಾನು. ನಿನಗ ಸುಳ್ಳು ಹೇಳಿದೆ.”

“ಏಳಪ್ಪ. ಹೋಗಿ ಗುರುಗಳಿಗೆ ಹೇಳು. ನಂದು ವಚನ ಅರ್ಧಕ್ಕ ನಿಂತೈತಿ.”

ಗುರುಗಳು ಬಯ್ಯಲಿಲ್ಲ. ಬಯ್ದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಪಕ್ಕದಲ್ಲಿ ಕೂತು, ಆ ಕಪ್ಪು ಪರದೆಯ ಮೇಲೆ ಬರಿಯ ಅಕ್ಷರಗಳನ್ನು ಮೂಡಿಸಿಕೊಂಡು, ಒಂದೊಂದೇ ಆಜ್ಞೆ ಬರೆಸಿದರು.

“ಹಳೇದನ್ನ ಅದರ ಜಾಗಕ್ಕ ಕರಿ. ಮನಿ ಅದರ ಮ್ಯಾಲೆ ನಿಂತೈತಿ. ಹೊಸಾದಕ್ಕ ನಿನ್ನ ಕೋಣ್ಯಾಗ ಚಾಪಿ ಹಾಸು.”

ಲಿನಕ್ಸ್ ಮತ್ತೆ ಪಟ್ಟಿ ಕೊಟ್ಟಿತು. ಪಂಪಣ್ಣ ಒಂದು ಸಾಲೂ ಬಿಡದೆ ಓದಿ, ಆಮೇಲೆ ಹೌದು ಎಂದ. ಹೊಸ ಪೈಥಾನ್ ಅವನ ಸ್ವಂತ ಫೋಲ್ಡರಿನಲ್ಲಿ, ಯಾರ ತಂಟೆಗೂ ಹೋಗದೆ ಕೂತಿತು.

ಧ್ವನಿ ಮರಳಿತು. ಅಜ್ಜಿ ಬಿಟ್ಟಲ್ಲಿಂದ ಕೇಳತೊಡಗಿದಳು.

ಪಂಪಣ್ಣ ಗುರುಗಳ ಕೋಣೆಯ ಬಾಗಿಲಲ್ಲಿ ನಿಂತ. ಒಳಗೆ ಅವರು ಇನ್ನೂ ಬೀಸಣಿಗೆ ಬೀಸುತ್ತಿದ್ದರು.

“ಅಜ್ಜಿಗೆ ಯಾವಾಗ ಗೊತ್ತಾತ್ರಿ?”

ಗುರುಗಳು ಬೀಸಣಿಗೆ ಕೆಳಗಿಟ್ಟರು.

“ಮೊದಲನೇ ದಿನಾನ. ‘ಹುಡುಗ ತಾನಾಗಿ ಹೇಳೋತನಕ ಆಶ್ರಮದಾಗ ಕರೆಂಟ್ ಇಲ್ಲ ಅಂತಾನ ಇರಲಿ’ ಅಂದ್ಲು. ಈಗ ಫ್ಯಾನ್ ಹಾಕಪ್ಪ.”